ಯಾರ ಪಾಲಿಗೂ ಬಾರದ ತಿಂಗಳು

ಬ್ಯಾನರಿಗೆ ಒಂದು ಅಜ್ಜಿಯ ಮುಖ ಬೇಕಿತ್ತು. ಶ್ರೀರಂಗಪಟ್ಟಣದ ಸಂತೆಯಲ್ಲಿ ಸೊಪ್ಪು ಮಾರುತ್ತಿದ್ದ ಒಬ್ಬರನ್ನು ಕೇಳಿ, ಅವರು ಸೆರಗು ಸರಿಮಾಡಿಕೊಂಡ ಮೇಲೆ ಫೋಟೋ ತೆಗೆದುಕೊಂಡು ಹೋಗಿ ತೋರಿಸಿದೆ. ನಮ್ಮ ಸಂಸ್ಥೆಯ ನಿರ್ದೇಶಕರು ಮೊಬೈಲನ್ನು ದೂರ ಹಿಡಿದು ನೋಡಿದರು.

"ಇವರು ನಗ್ತಾ ಇದ್ದಾರಲ್ಲಮ್ಮ. ಹಿರಿಯರ ಮೇಲಿನ ದೌರ್ಜನ್ಯ ತಡೆಯಿರಿ ಅಂತ ಮೇಲೆ ಬರೆದು, ಕೆಳಗೆ ನಗೋ ಮುದುಕಿ ಹಾಕಿದರೆ ಅನುದಾನ ಕೊಟ್ಟವರು ಏನಂದುಕೊಂಡಾರು? ಕಣ್ಣೀರು ಇರೋದು ಒಂದು ತನ್ನಿ."

ನಾನು ತರಲಿಲ್ಲ. ಕಣ್ಣೀರಿನ ಮುಖವನ್ನು ಅವರೇ ಇಂಟರ್‌ನೆಟ್ಟಿನಿಂದ ಇಳಿಸಿಕೊಂಡರು. ಆ ಅಜ್ಜಿಯ ಮೂಗುತಿ, ಸೀರೆ ಉಟ್ಟ ರೀತಿ, ಯಾವುದೂ ನಮ್ಮ ಸೀಮೆಯದಲ್ಲ. ಎಲ್ಲಿಯವರೋ ಏನೋ ಪಾಪ, ನಾಲ್ಕು ತಾಲ್ಲೂಕಿನ ಕಂಬಗಳಿಗೆ ಕಟ್ಟಿಸಿಕೊಂಡು ಬಿಸಿಲಲ್ಲಿ ಅಳುತ್ತಾ ನಿಂತರು. ಆ ಕೆಲಸದ ಮೇಲೆ ನನಗೆ ಹುಟ್ಟಿದ ಅಸಹ್ಯ ಶುರುವಾದದ್ದು ಅಲ್ಲಿಂದ.

ಹಿರಿಯರ ಮೇಲಿನ ದೌರ್ಜನ್ಯ ತಡೆಗೆಂದು ಸರ್ಕಾರದ ಅನುದಾನ ಬಂದಿತ್ತು. ಪಾಂಡವಪುರ ಉಪವಿಭಾಗದ ನಾಲ್ಕೂ ತಾಲ್ಲೂಕು ನಮ್ಮ ಪಾಲಿಗೆ: ಪಾಂಡವಪುರ, ಶ್ರೀರಂಗಪಟ್ಟಣ, ಕೆ.ಆರ್. ಪೇಟೆ, ನಾಗಮಂಗಲ. ನಾನು ಕ್ಷೇತ್ರ ಸಂಯೋಜಕಿ, ಅಂದರೆ ಬಸ್ಸಿನಲ್ಲಿ ಅಲೆಯುವವಳು. ಅನುದಾನವೆಂದರೆ ಚೀಲದಲ್ಲಿ ತಂದು ಸುರಿಯುವ ದುಡ್ಡಲ್ಲ, ಬಾಬ್ತು ಬಾಬ್ತಾಗಿ ಕತ್ತರಿಸಿಕೊಂಡು ಬರುತ್ತದೆ. ಗೋಡೆಬರಹದ ಬಾಬ್ತು, ಬೀದಿನಾಟಕದ ಬಾಬ್ತು, ಕರಪತ್ರ, ಶಾಮಿಯಾನ, ಹಾರ, ಶಾಲು, ಫಲಕ. ಒಂದರದನ್ನು ಇನ್ನೊಂದಕ್ಕೆ ಮುಟ್ಟುವಂತಿಲ್ಲ. ಹೊಡೆಸಿಕೊಂಡು ಹೊರಗೆ ಬಂದ ಮುದುಕಿಯೊಬ್ಬಳಿಗೆ ಒಂದು ಹೊತ್ತು ಊಟ ಕೊಡಿಸಲು ಮಾತ್ರ ಬಾಬ್ತು ಇರಲಿಲ್ಲ. ಇದನ್ನು ಸರ್ಕಾರ ಮಾಡಿತು ಅಂತ ಬೈಯುವಂತೆಯೂ ಇಲ್ಲ. ಬಾಬ್ತುಗಳನ್ನು ಪ್ರಸ್ತಾವನೆಯಲ್ಲಿ ಬರೆದು ಕಳಿಸಿದವರು ನಮ್ಮ ನಿರ್ದೇಶಕರೇ. ಊಟ ಕೊಟ್ಟರೆ ಫೋಟೋ ಹೇಗೆ ಬರುತ್ತದೆ, ಶಾಮಿಯಾನ ಹಾಕಿದರೆ ಹೇಗೆ ಬರುತ್ತದೆ ಎಂಬುದು ಅವರಿಗೆ ಚೆನ್ನಾಗಿ ಗೊತ್ತಿತ್ತು.

ಮೊದಲ ಸಭೆ ಶ್ರೀರಂಗಪಟ್ಟಣದಲ್ಲಿ. ಭಾಷಣಕ್ಕೆ ಬಂದವರು ಮೈಕಿನಲ್ಲಿ, "ನಿಮ್ಮ ಮನೆಯಲ್ಲಿ ಯಾರಾದರೂ ನಿಮಗೆ ಹಿಂಸೆ ಕೊಡುತ್ತಿದ್ದರೆ ಧೈರ್ಯವಾಗಿ ಕೈಯೆತ್ತಿ" ಎಂದರು. ಅಜ್ಜ ಅಜ್ಜಿಯರನ್ನು ಬೈಕಿನಲ್ಲಿ ಕೂರಿಸಿಕೊಂಡು ತಂದಿದ್ದ ಮಕ್ಕಳು, ಸೊಸೆಯರು ಪಕ್ಕದ ಕುರ್ಚಿಯಲ್ಲೇ ಕೂತಿದ್ದಾರೆ. ಯಾರಪ್ಪ ಎತ್ತುತ್ತಾನೆ ಕೈ? ಹಿಂದಿನ ಸಾಲಿನ ಒಬ್ಬ ಅಜ್ಜ ಎತ್ತಿದರು. ಸಭೆಯೇ ತಿರುಗಿ ನೋಡಿತು. ಅವರಿಗೆ ಒಂದಕ್ಕೆ ಹೋಗಬೇಕಿತ್ತು, ಅಷ್ಟೇ. ವರದಿಯಲ್ಲಿ "ಯಾವುದೇ ದೌರ್ಜನ್ಯ ಪ್ರಕರಣ ಕಂಡುಬಂದಿಲ್ಲ, ಕಾರ್ಯಕ್ರಮ ಪರಿಣಾಮಕಾರಿ" ಎಂದು ಬರೆಸಿದರು.

ಆಮೇಲೆ ನಾನು ನನ್ನಷ್ಟಕ್ಕೆ ಒಂದು ದಾರಿ ಹುಡುಕಿಕೊಂಡೆ. ವಯಸ್ಸಾದವರು ಮನೆಯವರಿಲ್ಲದೆ ಒಬ್ಬರೇ ಬರುವ ಜಾಗ ಯಾವುದು? ನಮ್ಮ ಕಡೆ ಅದು ಹಾಲಿನ ಡೈರಿ. ಬೆಳಗ್ಗೆ ಕ್ಯಾನು ಹಿಡಿದು ಬಂದು, ಹಾಲು ಹಾಕಿ, ಸಾಲಿನಲ್ಲಿ ನಿಂತೇ ಊರಿನ ಸುದ್ದಿಯನ್ನೆಲ್ಲ ಹೇಳಿಬಿಡುತ್ತಾರೆ. ಗೋಡೆಬರಹಕ್ಕೆ ಡೈರಿಯ ಗೋಡೆಗಳನ್ನೇ ಆರಿಸಿಕೊಂಡೆ. ಪೇಂಟರು ಬರೆಯುತ್ತಿರಲಿ, ನಾನು ಸಾಲಿನಲ್ಲಿ ನಿಂತು ಮಾತಾಡಿಸುತ್ತೇನೆ ಅಂತ ಲೆಕ್ಕ.

ಹಾಗೆ ಮೇ ಕೊನೆಯಲ್ಲಿ ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಊರಿಗೆ ಹೋದೆ, ಹೇಮಗಿರಿಗೆ ಹೋಗುವ ದಾರಿಯಲ್ಲಿ. ಡೈರಿಯ ಜಗಲಿಯ ಮೂಲೆಯಲ್ಲಿ ಒಬ್ಬರು ಅಜ್ಜಿ ಗೋಣಿತಾಟು ಹಾಸಿಕೊಂಡು, ಬಟ್ಟೆಗಂಟಿಗೆ ಒರಗಿ ಕೂತಿದ್ದರು. ಹಿಂದಿನ ದಿನ ಮಳೆ ಬಂದು ತಾಟು ಅರ್ಧ ಒದ್ದೆ. ಕೈಯಲ್ಲಿ ಕ್ಯಾನಿಲ್ಲ. ಅವರ ತಲೆಯ ಮೇಲಿನ ಗೋಡೆಗೇ ಪೇಂಟರು "ಹೆತ್ತವರೇ ದೇವರು" ಅಂತ ಬರೆಯಲು ಸುಣ್ಣ ಬಳಿಯುತ್ತಿದ್ದ.

"ಯಾರು ಇವರು?" ಡೈರಿಯ ಕಾರ್ಯದರ್ಶಿಯನ್ನು ಕೇಳಿದೆ.

"ನಮ್ ಡೈರಿ ಡೈರೆಕ್ಟರ್ ಅವ್ರ ಅವ್ವ ಮೇಡಂ."

"ಮತ್ತೆ ಗಂಟು ಸಮೇತ ಇಲ್ಲಿ ಯಾಕಿದ್ದಾರೆ?"

"ಅಧಿಕ ಮಾಸ ಅಲ್ವ ಮೇಡಂ?" ಅಂದ. ಬಸ್ಸು ಯಾಕಿಲ್ಲ ಅಂದರೆ ಭಾನುವಾರ ಅಲ್ವಾ ಅನ್ನುವ ಹಾಗೆ.

ನನಗೆ ಅರ್ಥವಾಗಲಿಲ್ಲ. ಅವನು ಹಾಲು ಅಳೆಯುತ್ತಲೇ ಬಿಡಿಸಿ ಹೇಳಿದ. ಅಜ್ಜಿಗೆ ಇಬ್ಬರು ಗಂಡುಮಕ್ಕಳು. ಪಾಲಾದಾಗ ಊರ ಹಿರಿಯರು ಕೂತು ಜಮೀನು, ಹಸು, ಪಂಪ್‌ಸೆಟ್ಟು ಹಂಚಿದರು. ಕೊನೆಗೆ ಅವ್ವನನ್ನೂ ಹಂಚಿದರು, ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಒಬ್ಬೊಬ್ಬನ ಮನೆ. ಹಬ್ಬಗಳೂ ಸರಿಯಾಗಿ ಹಂಚಿಹೋಗಲಿ ಎಂದು ಮಾಸದ ಹೆಸರು ಹಿಡಿದೇ ತೀರ್ಮಾನ ಮಾಡಿದರು. ಚೈತ್ರ ಹಿರಿಯನದು, ಯುಗಾದಿ ಒಬ್ಬಟ್ಟು ಅಲ್ಲಿ. ವೈಶಾಖ ಕಿರಿಯನದು. ಜ್ಯೇಷ್ಠ ಹಿರಿಯನದು. ಹೀಗೆ ಭಾದ್ರಪದ ಕಿರಿಯನಿಗೆ ಬಂದು ಗೌರಿ ಹಬ್ಬ ಅಲ್ಲಿ. ವರ್ಷಗಟ್ಟಲೆ ಅಜ್ಜಿ ಅಮಾವಾಸ್ಯೆ ಮರುದಿನ ಗಂಟು ಹೊತ್ತುಕೊಂಡು ಒಂದು ಗೋಡೆ ಆಚೆ, ಒಂದು ಗೋಡೆ ಈಚೆ ನಡೆದಿದ್ದಾರೆ. ಆ ಸಲ ವೈಶಾಖ ಮುಗಿದ ಮೇಲೆ ಬಂದದ್ದು ಅಧಿಕ ಜ್ಯೇಷ್ಠ, ಎರಡು ಮೂರು ವರ್ಷಕ್ಕೊಮ್ಮೆ ಬೀಳುವ ಹೆಚ್ಚಿನ ತಿಂಗಳು. ನಿಜ ಜ್ಯೇಷ್ಠ ಅದು ಕಳೆದ ಮೇಲೆ. ಹಿರಿಯರ ತೀರ್ಮಾನದಲ್ಲಿ ಅಧಿಕದ ಮಾತೇ ಬಂದಿರಲಿಲ್ಲ. ಕಿರಿಯವನು ನನ್ನ ವೈಶಾಖ ಮುಗೀತು ಎಂದು ಗಂಟು ಹೊರಗಿಟ್ಟ. ಹಿರಿಯವನು ನನ್ನ ಜ್ಯೇಷ್ಠ ಇನ್ನೂ ಹುಟ್ಟಿಲ್ಲ ಎಂದು ಬಾಗಿಲು ತೆರೆಯಲಿಲ್ಲ.

ಹಿಂದಿನ ಅಧಿಕ ಮಾಸಗಳಲ್ಲಿ ಅಜ್ಜಿ ಜಗಳವಾಗುವ ಮೊದಲೇ ತವರಿಗೆ ಹೋಗಿಬಿಡುತ್ತಿದ್ದರಂತೆ, ನಾಗಮಂಗಲದ ಕಡೆ ತಮ್ಮನ ಮನೆಗೆ. ಈ ಸಲ ತಮ್ಮ ಬದುಕಿರಲಿಲ್ಲ. ಆದ್ದರಿಂದ ಡೈರಿಯ ಜಗಲಿ.

ಇದನ್ನೆಲ್ಲ ಸಾಲಿನಲ್ಲಿದ್ದವರು ತಲೆಯಾಡಿಸುತ್ತಾ ಕೇಳುತ್ತಿದ್ದರು. ಒಬ್ಬರಿಗೂ ಇದು ಅನ್ಯಾಯ ಅನ್ನಿಸಿದಂತೆ ಕಾಣಲಿಲ್ಲ. ತೊಡಕಿನ ನ್ಯಾಯ ಅನ್ನಿಸಿತ್ತು. ಇಬ್ಬರ ಮಾತಲ್ಲೂ ಹುರುಳಿದೆ ಎಂದು ಒಬ್ಬರು ನನಗೆ ತಿಳಿಹೇಳಿದರು. ಥೂ, ಹುರುಳಂತೆ!

ಅಷ್ಟರಲ್ಲಿ ಎದುರುಮನೆಯ ಕಮ್ಮಾರರ ಹೆಂಗಸು ತಟ್ಟೆಯಲ್ಲಿ ಮುದ್ದೆ, ಉಪ್ಸಾರು ತಂದು ಅಜ್ಜಿಯ ಮುಂದಿಟ್ಟರು. ಆಮೇಲೆ ಗೋಡೆ ನೋಡಿದರು. ಪೇಂಟರು ಸಹಾಯವಾಣಿಯ ನಂಬರು ಬರೆದು ಮುಗಿಸಿದ್ದ, ಬಣ್ಣ ಹಸಿಯಿತ್ತು. "ಇದಕ್ ಮಾಡುದ್ರೆ ಬತ್ತಾರಾ?" ಎಂದು ಯಾರನ್ನೂ ಕೇಳದೆ ಕೇಳಿ, ಸೊಂಟದಿಂದ ಮೊಬೈಲು ತೆಗೆದು ಒತ್ತಿದರು. ನನ್ನ ಬ್ಯಾಗಿನಲ್ಲಿ ಫೋನು ಹೊಡೆದುಕೊಂಡಿತು. ನಮ್ಮ ಸಹಾಯವಾಣಿ ಎಂದರೆ ಕಚೇರಿಯ ಒಂದು ಸಿಮ್ಮು, ಅದರ ಕರೆಗಳೆಲ್ಲ ನನಗೆ ತಿರುಗುತ್ತಿದ್ದವು.

"ನೀವೇನಾ?" ಅಂದರು ಆಕೆ.

"ನಾನೇ."

"ಸರಿ, ಬಂದೇ ಇದ್ದೀರಲ್ಲ. ಮಾಡಿ ಅದೇನ್ ಮಾಡ್ತೀರೋ."

ಏನು ಮಾಡಲಿ? ಸಾಂತ್ವನ ಹೇಳುವುದು, ವಿವರ ಬರೆದುಕೊಳ್ಳುವುದು, ಸಂಬಂಧಪಟ್ಟವರಿಗೆ ಕಳಿಸುವುದು, ನನಗೆ ಕಲಿಸಿದ್ದು ಇಷ್ಟು. ಸಂಬಂಧಪಟ್ಟವಳು ನಾನೇ. ಅಜ್ಜಿಯ ಪಕ್ಕ ಕೂತು ಏನು ಬೇಕಜ್ಜಿ ಅಂದೆ. ಅವರು ಮುದ್ದೆ ಮುರಿಯುತ್ತಾ, "ಮಕ್ಳು ಒಳ್ಳೇವೇ ಕಣವ್ವ. ಈ ತಿಂಗ್ಳೇ ನೆಟ್ಗಿಲ್ಲ" ಅಂದರು. ಹೆತ್ತವರಿಗೆ ಹೆಗ್ಗಣ ಮುದ್ದು ಅನ್ನುವುದು ಸುಳ್ಳಲ್ಲ.

ಕಮ್ಮಾರರ ಹೆಂಗಸಿಗೆ ಸಿಟ್ಟು ಬಂತು. "ದುರ್ಭಿಕ್ಷದಲ್ಲಿ ಅಧಿಕ ಮಾಸ ಅನ್ನಾದ್ನ ಕೇಳಿದ್ದೆ. ಇವ್ರು ಸುಭಿಕ್ಷದಲ್ಲೇ ತಂದವ್ರೆ. ಎಲ್ಡು ಮನೇಲೂ ಕರಾವು ನಡೀತದೆ, ಅವ್ವಂಗೆ ಒಂದ್ಲೋಟ ಮಜ್ಗೆ ಇಲ್ಲ."

ಹಿರಿಮಗನ ಮನೆಗೆ ಹೋದೆ. ತಾರಸಿ ಮನೆ, ಬಣ್ಣದ ಗೇಟು. ಡೈರಿಯ ಆಡಳಿತ ಮಂಡಳಿಯಲ್ಲಿದ್ದ, ಊರಲ್ಲಿ ಏನೇ ಆದರೂ ಮುಂದೆ ನಿಲ್ಲುವ ಮನುಷ್ಯ. ಕುರ್ಚಿಗೆ ಟವೆಲ್ ಹಾಸಿ ಕೂರಿಸಿದ, ಕಾಫಿ ತರಿಸಿದ. ಊರಿಗೆ ಉಪಕಾರಿ, ಮನೆಗೆ ಮಾರಿ ಅಂತ ಇಂಥವರನ್ನು ನೋಡಿಯೇ ಹೇಳಿರಬೇಕು.

"ಅವ್ವ ಅಂದ್ರೆ ನಮ್ಗೆ ದೇವ್ರು ಮೇಡಂ. ಆದ್ರೆ ಪಂಚಾಯ್ತಿ ಮಾತೂ ದೇವ್ರೇ ಅಲ್ವಾ? ಜೇಷ್ಠ ನಂದು, ಇಲ್ಲ ಅಂದೋನಲ್ಲ. ನಿಜ ಜೇಷ್ಠ ಉಟ್ಲಿ, ನಾನೇ ಓಗಿ ಕೈ ಇಡ್ಕಂಡು ಕರ್ಕಬತ್ತೀನಿ. ಇದು ವೈಶಾಖದ ಬಾಲ. ಬಾಲ ಯಾರ್ದು? ತಲೆ ಇಟ್ಕಂಡೋನ್ದು."

ಪಕ್ಕದ ಮನೆಯ ಕಿರಿಯವನು ಕಾಫಿ ಕೊಡಲಿಲ್ಲ, ಅಷ್ಟರಮಟ್ಟಿಗೆ ಪ್ರಾಮಾಣಿಕ. "ಕ್ಯಾಲೆಂಡರ್ ನೋಡಿ ಮೇಡಂ, ಅಧಿಕ ಜೇಷ್ಠ ಅಂತ ತಾನೆ ಆಕಿರಾದು? ಅಧಿಕ ವೈಶಾಖ ಅಂತ ಆಕವ್ರಾ? ನಾನು ಕನಿಕ್ರ ಪಟ್ಟು ಇವತ್ತು ಇಟ್ಟು ಇಕ್ಬುಟ್ರೆ ನಾಳೀಕೆ ಅದೇ ರೂಢಿ ಆಯ್ತದೆ. ಪ್ರತಿ ಅಧಿಕಕ್ಕೂ ನನ್ ತಲೇಗೇ ಕಟ್ತಾನೆ ಅವ್ನು."

ಹೆತ್ತ ತಾಯಿಗೆ ಒಂದು ಮುದ್ದೆ ಇಟ್ಟರೆ ರೂಢಿಯಾಗಿಬಿಡುತ್ತದೆಂಬ ಭಯ! ಬೈದು ಬಂದಿದ್ದರೆ ಚೆನ್ನಾಗಿತ್ತು. ನಮ್ಮ ತರಬೇತಿಯಲ್ಲಿ ಕುಟುಂಬದವರೊಡನೆ ಸೌಮ್ಯವಾಗಿ ವ್ಯವಹರಿಸಬೇಕು ಅಂದಿದ್ದರು, ಸೌಮ್ಯವಾಗಿ ನಮಸ್ಕಾರ ಹೇಳಿ ಬಂದೆ.

ಪಾಂಡವಪುರದ ಕಚೇರಿಗೆ ಹೋಗಿ ನಿರ್ದೇಶಕರ ಮುಂದೆ ವಿಷಯ ಇಟ್ಟೆ. ಒಂದು ಬಾಡಿಗೆ ಕೋಣೆ, ಒಂದಿಷ್ಟು ದಿನಸಿ, ಯಾವ ಬಾಬ್ತಿನಿಂದಲಾದರೂ ಆಗುತ್ತದಾ ಅಂದೆ. ಅವರು ಅನುದಾನದ ಷರತ್ತು ತೋರಿಸಿ, "ಆಗಲ್ಲಮ್ಮ. ಆ ಊರಲ್ಲಿ ಇನ್ನೊಂದು ಬೀದಿನಾಟಕ ಬೇಕಾದರೆ ಹಾಕಿಸಿ" ಅಂದರು. ಮೇಲುಕೋಟೆಯ ಕಡೆ ಒಂದು ಆಶ್ರಮದಲ್ಲಿ ವಿಚಾರಿಸಿದೆ. ಗಂಡುಮಕ್ಕಳು ಇರುವವರನ್ನು ಸೇರಿಸಿಕೊಳ್ಳುವುದಿಲ್ಲ ಅಂದರು. ಅಜ್ಜಿಗೆ ಹೇಳಿದರೆ ಅವರೂ, "ಗತಿ ಇಲ್ದೋರು ಓಗೋ ತಾವು ಅದು, ನಂಗ್ಯಾಕೆ?" ಅಂದುಬಿಟ್ಟರು.

ಇನ್ನು ಉಳಿದಿದ್ದು ಒಂದೇ. ಹೆತ್ತವರನ್ನು ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ ಮುಂದೆ ಅರ್ಜಿ ಹಾಕಬಹುದು, ಅದಕ್ಕೆ ಕಾಯ್ದೆಯಿದೆ, ವಕೀಲರೂ ಬೇಕಿಲ್ಲ. ನಮ್ಮ ಕರಪತ್ರದ ಹಿಂಭಾಗದಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನು ಅಚ್ಚು ಹಾಕಿಸಿದ್ದೆವು. ಆದರೆ ಅರ್ಜಿಗೆ ಅಜ್ಜಿ ಒಪ್ಪಬೇಕು. ಇನ್ನೊಂದು ತೊಡಕು ಅದಕ್ಕಿಂತ ದೊಡ್ಡದು. ಅಮಾವಾಸ್ಯೆ ಕಳೆದರೆ ಹಿರಿಮಗ ಕೈಹಿಡಿದು ಕರೆದುಕೊಂಡು ಹೋಗುತ್ತಾನೆ. ಆಮೇಲೆ ಯಾವ ಅಧಿಕಾರಿ ಬಂದು ನೋಡಿದರೂ ತಾಯಿ ಮನೆಯಲ್ಲಿ, ತಟ್ಟೆಯಲ್ಲಿ ಅನ್ನ. ಮುಂದಿನ ಅಧಿಕ ಮಾಸದವರೆಗೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ, ಅಷ್ಟು ಕಾಲ ಅಜ್ಜಿ ಇರುತ್ತಾರೋ ಇಲ್ಲವೋ. ಏನು ಮಾಡಿದರೂ ಆ ಅಮಾವಾಸ್ಯೆಯ ಒಳಗೇ ಆಗಬೇಕಿತ್ತು.

ಅಜ್ಜಿ ಒಪ್ಪಲಿಲ್ಲ. "ಪಾಂಡವಪುರಕ್ಕೆ ಓಗಿ ಮಕ್ಳ ಮ್ಯಾಲೆ ಯೋಳ್ಲಾ? ಹೊಟ್ಟೇಲ್ ಉಟ್ಟವು ಕಣವ್ವ." ನಾನು ಮತ್ತೆ ಮತ್ತೆ ಹೋದೆ, ಮತ್ತೆ ಮತ್ತೆ ಇದೇ ಉತ್ತರ.

ಈ ನಡುವೆ ಜೂನ್ ಹದಿನೈದು ಹತ್ತಿರ ಬಂತು, ಹಿರಿಯರ ಮೇಲಿನ ದೌರ್ಜನ್ಯದ ಜಾಗೃತಿ ದಿನ. ಆ ಸಲ ಅಮಾವಾಸ್ಯೆಯೂ ಅದೇ ದಿನ ಬಿದ್ದಿತ್ತು. ಕೆ.ಆರ್. ಪೇಟೆಯಲ್ಲಿ ಸಮಾರಂಭ, ತಾಲ್ಲೂಕಿಗೊಂದರಂತೆ ಆದರ್ಶ ಕುಟುಂಬಗಳಿಗೆ ಸನ್ಮಾನ. ನಿರ್ದೇಶಕರು ಹೆಸರುಗಳನ್ನು ಓದಿ ಹೇಳುತ್ತಿದ್ದರು, ನಾನು ಆಹ್ವಾನ ಪತ್ರಿಕೆಗೆ ಬರೆದುಕೊಳ್ಳುತ್ತಿದ್ದೆ. ಕೆ.ಆರ್. ಪೇಟೆ ತಾಲ್ಲೂಕಿನಿಂದ ನಮ್ಮ ಡೈರಿ ಅಜ್ಜಿಯ ಹಿರಿಮಗ.

ನಾನು ಬರೆಯುವುದು ನಿಲ್ಲಿಸಿದೆ. "ಸಾರ್, ಅವರ ತಾಯಿ ಡೈರಿ ಜಗಲಿ ಮೇಲೆ ಮಲಗ್ತಿದ್ದಾರೆ. ನಾನು ನಿಮಗೆ ಹೇಳಿದ್ದೆ."

"ಹೇಳಿದ್ದಿರಿ. ಇಬ್ಬರು ಮಕ್ಕಳು ಸರದಿ ಹಾಕಿಕೊಂಡು ತಾಯಿನ ಸಾಕ್ತಿದ್ದಾರೆ. ಇದಕ್ಕಿಂತ ಆದರ್ಶ ಇನ್ನೇನಮ್ಮ? ಊರಿನವರೇ ಹೆಸರು ಕೊಟ್ಟಿದ್ದಾರೆ. ಏನೋ ಒಂದು ತಿಂಗಳು ಲೆಕ್ಕ ತಪ್ಪಿದೆ. ಕಾರ್ಯಕ್ರಮದ ದಿನ ಅಮಾವಾಸ್ಯೆ, ಸಂಜೆಗೆ ಅಧಿಕ ಮಾಸಾನೇ ಮುಗಿದುಹೋಗುತ್ತೆ. ಸಮಸ್ಯೆ ಎಲ್ಲಿದೆ?"

"ಆಗಲ್ಲ ಸಾರ್ ಇದು. ಅಸಹ್ಯ ಇದು."

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಸನ್ಮಾನದ ಫೋಟೋ ಹೋಗದಿದ್ದರೆ ಎರಡನೇ ಕಂತು ಬರಲ್ಲ. ನಿಮ್ಮ ಸಂಬಳ, ಪೇಂಟರ ಕೂಲಿ, ನಾಟಕದ ಹುಡುಗರದು, ಎಲ್ಲ ಅದರಲ್ಲೇ ಇದೆ. ಅಸಹ್ಯ ಆಮೇಲೆ ಪಟ್ಟುಕೊಳ್ಳಿ. ಆ ಮುದುಕಿಗೆ ಒಂದು ಒಳ್ಳೆ ಸೀರೆ ಉಡಿಸಿ ಕರಕೊಂಡು ಬರೋಕೆ ಹೇಳಿ."

ಎದ್ದು ಬಸ್ ಸ್ಟ್ಯಾಂಡಿಗೆ ನಡೆದೆ. ಅವರನ್ನು ಬೈದುಕೊಂಡೆ. ಅವರ ಸಂಬಳಕ್ಕೆ ಕೈಯೊಡ್ಡುವ ನನ್ನನ್ನೂ ಬೈದುಕೊಂಡೆ.

ಸೀರೆಯ ವಿಷಯ ನಾನು ಹೇಳಬೇಕಾಗಿ ಬರಲಿಲ್ಲ, ಸುದ್ದಿ ನನಗಿಂತ ಮುಂಚೆ ಊರು ಮುಟ್ಟಿತ್ತು. ಮರುದಿನ ಬೆಳಗ್ಗೆ ಡೈರಿಗೆ ಹೋಗುವಷ್ಟರಲ್ಲಿ ಹಿರಿಮಗ ಕವರಿನಲ್ಲಿ ರೇಷ್ಮೆ ಸೀರೆ ಹಿಡಿದು ಜಗಲಿಯ ಮುಂದೆ ನಿಂತಿದ್ದ. ಹೆಂಡತಿಯ ಸೀರೆ, ಮಡಿಕೆ ಕೆಡದ ಹಾಗೆ ಪಿನ್ನು ಚುಚ್ಚಿತ್ತು.

"ಅವ್ವ, ಅಮಾಸೆ ದಿನ ಮಿಂದು ಇದ್ನ ಉಟ್ಕ. ಪ್ಯಾಟೇಲಿ ಸ್ಟೇಜ್ ಮ್ಯಾಲೆ ಕುಂತ್ಕಂಡು, ಮಗ ಸಂದಾಗಿ ನೋಡ್ಕತಾನೆ ಅಂತ ಒಂದ್ಮಾತು ಯೋಳ್ಬುಡು, ಸಾಕು. ಜೋಪಾನ, ಸೀರೆಗೆ ಕರೆ ಮಾಡ್ಕಬ್ಯಾಡ. ಬಂದೇಟ್ಗೇ ಬಿಚ್ಚಿ ಕೊಟ್ಬುಡ್ಬೇಕು."

ಹಾಲಿನ ಕ್ಯಾನು ಹಿಡಿದು ಬಂದ ಕಿರಿಯವನು ಇದನ್ನು ಕೇಳಿಸಿಕೊಂಡ. "ನೀನ್ಯಾಕ್ಲಾ ಕರ್ಕಂಡೋಯ್ತೀಯ? ಅಮಾಸೆಗಂಟ ನಿನ್ ತಿಂಗ್ಳಲ್ಲ ಅಂತ ನೀನೇ ಅಂದಿದ್ದಲ್ವೇನ್ಲಾ?"

"ಅಂಗಾರೆ ನಿನ್ ತಿಂಗ್ಳಾ? ಒಪ್ಕತೀಯಾ?"

"ಊಟದ್ ವಿಚಾರ ಬ್ಯಾರೆ, ಇದು ಬ್ಯಾರೆ. ನಾನೂ ಮಗ ಕಣ್ಲಾ. ನಂಗೂ ಶಾಲ್ ಆಕ್ಲಿ."

ಹಿರಿಯವನು ಒಂದು ಕಡೆ, ಕಿರಿಯವನು ಒಂದು ಕಡೆ ಕವರು ಹಿಡಿದು ಎಳೆದಾಡಿದರು. ಕವರು ಹರಿಯಿತು. ಸೀರೆ ಒದ್ದೆ ತಾಟಿನ ಮೇಲೆ ಬಿತ್ತು. "ಅಯ್ಯೋ ಕರೆ, ಕರೆ!" ಎಂದು ಹಿರಿಯವನು ಬಗ್ಗಿ ಎತ್ತಿಕೊಂಡು ಒರೆಸತೊಡಗಿದ. ಆ ತಾಟಿನ ಮೇಲೆ ಇಷ್ಟು ದಿನ ತಾಯಿ ಮಲಗಿದ್ದಾಳೆ, ಆಗ ಬಗ್ಗದವನು ಸೀರೆಗೆ ಬಗ್ಗಿದ. ಸಾಲಿನಲ್ಲಿದ್ದ ಒಬ್ಬಿಬ್ಬರು ನಕ್ಕರು.

ಅಜ್ಜಿ ನಗಲಿಲ್ಲ. ಮಕ್ಕಳಿಬ್ಬರನ್ನೂ ಒಂದು ಸುತ್ತು ನೋಡಿದರು. "ಮುದ್ದೇಗ್ ಇಲ್ದಿದ್ ತಿಂಗ್ಳು ಸೀರೆಗ್ ಬಂತೇನ್ಲಾ?" ಅಂದರು. ಧ್ವನಿ ಏರಿಸಲೂ ಇಲ್ಲ. ಆಮೇಲೆ ಗಂಟು ಕಟ್ಟಿ ಎದ್ದು ನನ್ನ ಕಡೆ ತಿರುಗಿದರು. "ಅದೆಲ್ಲೋ ಪಾಂಡವಪುರ ಅಂತಿದ್ಯಲ್ಲ ಮಗ. ನಡಿ, ಓಗಾನ."

ಸಮಾರಂಭದ ಕೆಲಸ ತಲೆಯ ಮೇಲಿತ್ತು, ಶಾ­ಮಿಯಾನದವರು ಕಾಯುತ್ತಿದ್ದರು. ಸಂಸ್ಥೆಯ ಹೆಸರಿನಲ್ಲಿ ಅರ್ಜಿ ಹಾಕಲು ನಿರ್ದೇಶಕರು ಸಹಿ ಮಾಡುವುದಿಲ್ಲವೆಂದು ಗೊತ್ತಿತ್ತು. ಅಜ್ಜಿಯ ಹೆಸರಿನಲ್ಲೇ ಆಗಲಿ, ನನ್ನ ಕೆಲಸ ಹೋದರೆ ಹೋಗಲಿ ಅಂದುಕೊಂಡು, ಅಲ್ಲಿಂದಲೇ ಫೋನು ಮಾಡಿ ರಜೆ ಹೇಳಿದೆ. ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ದುಡ್ಡಿಲ್ಲ, ಅಜ್ಜಿಯ ಆಧಾರ್ ಕಾರ್ಡು ಗಂಟಿನಲ್ಲೇ ಇತ್ತು. ಇಷ್ಟು ದೊಡ್ಡ ಅನುದಾನದಲ್ಲಿ ಅವರನ್ನು ನ್ಯಾಯದ ಬಾಗಿಲಿಗೆ ಒಯ್ಯಲು ಬಾಬ್ತು ಇರಲಿಲ್ಲ, ಬಿಟ್ಟಿ ಬಸ್ಸು ಒಯ್ದಿತು. ಚಿನಕುರಳಿ ದಾಟುವವರೆಗೆ ಅಜ್ಜಿ ಗಂಟನ್ನು ಮಡಿಲಲ್ಲೇ ಹಿಡಿದುಕೊಂಡಿದ್ದರು. ಆಮೇಲೆ ಕಿಟಕಿಯಾಚೆ ನೋಡುತ್ತಾ, "ಈ ಕಡೆ ಕಬ್ಬು ಸಂದಾಗದೆ" ಅಂದರು.

ಕಚೇರಿಯ ಗುಮಾಸ್ತರು ಅರ್ಜಿ ಓದಿ, "ಯಾವ ಅವಧಿಯಲ್ಲಿ ಪೋಷಣೆ ನಿಲ್ಲಿಸಿದ್ದಾರೆ, ಸ್ಪಷ್ಟವಾಗಿ ಬರೀರಿ" ಅಂದರು. ಅಧಿಕ ಮಾಸ ಅಂದೆ. ಅವರು ಪೆನ್ನು ಕೆಳಗಿಟ್ಟು ನಗಲು ಶುರುಮಾಡಿ, ಅಜ್ಜಿಯ ಮುಖ ನೋಡಿ ನಿಲ್ಲಿಸಿದರು. ಅಮಾವಾಸ್ಯೆಯೊಳಗೆ ಸ್ಥಳ ಮಹಜರು ಆಗಬೇಕು, ಇಲ್ಲದಿದ್ದರೆ ಈ ದೂರೇ ಉಳಿಯುವುದಿಲ್ಲ ಎಂದು ನಾನು ಹಟಹಿಡಿದೆ. ಉಪವಿಭಾಗಾಧಿಕಾರಿ ನನಗಿಂತ ಚಿಕ್ಕ ವಯಸ್ಸಿನ ಹೆಂಗಸು. ವಿಷಯ ಕೇಳಿ, ಗ್ರಾಮ ಆಡಳಿತಾಧಿಕಾರಿಗೆ ಅವರೇ ಫೋನು ಮಾಡಿ ಮರುದಿನವೇ ಹೋಗಲು ಹೇಳಿದರು.

ಮಹಜರಿನ ದಿನ ಇನ್ನೊಂದು ಪೇಚಾಟ. ಅಜ್ಜಿ ಜಗಲಿಯ ಮೇಲಿರುವುದು ಕಣ್ಣಿಗೆ ಕಾಣುತ್ತಿದೆ, ಆದರೆ ಪಂಚರಾಗಿ ಸಹಿ ಹಾಕಲು ಒಬ್ಬರೂ ಬರಲಿಲ್ಲ. ನಮ್ಮ ಹಾಲು ಅವರ ಕೈಯಲ್ಲಿದೆ ಅಂದರು. ಹಾಲಿನ ಫ್ಯಾಟು ಕಡಿಮೆ ಬರೆಸಿ ದರ ಇಳಿಸಿಬಿಟ್ಟರೆ ಯಾರನ್ನು ಕೇಳೋಣ ಅಂದರು. ಇನ್ನು ಕೆಲವರು ಕಂಡೂ ಕಾಣದವರಂತೆ ಕ್ಯಾನು ತೊಳೆದುಕೊಂಡು ನಡೆದರು. ಗ್ರಾಮ ಆಡಳಿತಾಧಿಕಾರಿ ಕಾಗದ ಮಡಚುವ ಹೊತ್ತಿಗೆ ಕಮ್ಮಾರರ ಹೆಂಗಸು ಗಂಡನನ್ನು ಕುಲುಮೆಯಿಂದ ಎಬ್ಬಿಸಿಕೊಂಡು ಬಂದರು.

"ಕೊಡಿ ಇತ್ಲಾಗೆ. ನಮ್ಮನೇಲಿ ಹಸಾನೂ ಇಲ್ಲ, ಎಮ್ಮೇನೂ ಇಲ್ಲ. ನಮ್ ಫ್ಯಾಟ್ ಯಾವನ್ ಕಮ್ಮಿ ಮಾಡಾನು?"

ಇಬ್ಬರೂ ಸಹಿ ಹಾಕಿದರು. ಮಕ್ಕಳಿಬ್ಬರಿಗೂ ನೋಟೀಸು ಬಂದದ್ದು ಸಮಾರಂಭದ ಹಿಂದಿನ ದಿನ. ನಿರ್ದೇಶಕರು ನನಗೆ ಫೋನಿನಲ್ಲಿ ಏನೆಲ್ಲ ಅಂದರು ಎಂಬುದನ್ನು ಇಲ್ಲಿ ಬರೆಯಲಾಗದು. ಅನಿವಾರ್ಯ ಕಾರಣದಿಂದ ಕೆ.ಆರ್. ಪೇಟೆಯ ಸನ್ಮಾನ ಮುಂದಕ್ಕೆ ಹೋಗಿದೆ ಎಂದು ಸ್ವಾಗತ ಭಾಷಣದಲ್ಲಿ ಹೇಳಿದರಂತೆ. ನನ್ನನ್ನು ವೇದಿಕೆಯ ಹತ್ತಿರ ಬರಬೇಡಿ ಅಂದಿದ್ದರು, ನಾನು ಹೋಗಲೂ ಇಲ್ಲ. ಅಮಾವಾಸ್ಯೆ ಕಳೆದ ಬೆಳಗ್ಗೆ ಹಿರಿಮಗ ಮಾತಿಗೆ ತಪ್ಪದೆ ಬಂದು ಕೈಹಿಡಿದು ಕರೆದ. ಅಜ್ಜಿ, "ಕೇಸ್ ಮುಗೀಲಿ ತಡಿ" ಅಂದು ಕಮ್ಮಾರರ ಮನೆಯ ಪಡಸಾಲೆಗೆ ಹೋಗಿ ಕೂತರು.

ವಿಚಾರಣೆಯಲ್ಲಿ ಮಕ್ಕಳಿಬ್ಬರೂ ಕೈಕಟ್ಟಿ ನಿಂತು, ಅಧಿಕ ಮಾಸ ಯಾರದೆಂದು ತಾವೇ ತೀರ್ಮಾನ ಹೇಳಿಬಿಡಿ, ತಲೆಬಾಗುತ್ತೇವೆ ಅಂದರು. ಬಾಲ, ತಲೆ, ಕ್ಯಾಲೆಂಡರು ಎಲ್ಲವನ್ನೂ ಇನ್ನೊಮ್ಮೆ ಒಪ್ಪಿಸಿದರು. ಅಧಿಕಾರಿ ಅದಕ್ಕೆ ಉತ್ತರ ಕೊಡದೆ ಅಜ್ಜಿಯನ್ನು, "ತಿಂಗಳಿಗೆ ಎಷ್ಟು ಕೊಡಿಸಲಿ ಅಜ್ಜಿ?" ಎಂದು ಕೇಳಿದರು.

"ತಿಂಗ್ಳು ಅನ್ನಾದೇ ಬ್ಯಾಡ ತಾಯಿ," ಅಂದರು ಅಜ್ಜಿ. "ತಿಂಗ್ಳು ತಿಂಗ್ಳು ಗಂಟು ಒತ್ತೂ ಒತ್ತೂ ಸಾಕಾಗದೆ. ನಾನೂ ನಮ್ ಯಜಮಾನ್ರೂ ಕಟ್ಟಿದ್ ಮುಂದ್ಗಡೆ ಕ್ವಾಣೆ ಒಂದದೆ, ಬೂಸಾ ಮೂಟೆ ತುಂಬವ್ರೆ. ಅದ್ನ ಖಾಲಿ ಮಾಡ್ಸಿಕೊಡಿ. ಬೀದಿ ಕಡೆ ಬಾಗ್ಲದೆ. ಒಳಗಿಂದ ಅಗ್ಣಿ ಆಕಂಗಿದ್ರೆ ಸಾಕು. ರಾಗಿ ಕೊಟ್ರೆ ನಾನೇ ಬೇಯಿಸ್ಕತೀನಿ."

ಆದೇಶ ಹಾಗೆಯೇ ಬಂತು. ಹಿರಿಯನ ಮನೆಯ ಮುಂದಿನ ಕೋಣೆ ಅಜ್ಜಿಗೆ, ದವಸ ಮತ್ತು ಕೈಖರ್ಚು ಇಬ್ಬರದು, ಸರದಿ ರದ್ದು. ಹಿರಿಮಗ ಇವತ್ತು ನಾಳೆ ಎಂದು ಸಾಕಷ್ಟು ಸತಾಯಿಸಿದ. ಕೊನೆಗೆ ಗ್ರಾಮ ಆಡಳಿತಾಧಿಕಾರಿ ಪೊಲೀಸರೊಡನೆ ಬರುತ್ತೇನೆ ಅಂದ ಮೇಲೆ ಬೂಸಾ ಮೂಟೆಗಳು ಹೊರಗೆ ಬಂದವು.

ನನ್ನ ಗುತ್ತಿಗೆಯನ್ನು ಮುಂದುವರಿಸಲಿಲ್ಲ. ಮಂಜೂರಾಗದ ಚಟುವಟಿಕೆಯಲ್ಲಿ ತೊಡಗಿದ್ದೇ ಕಾರಣ ಎಂದು ಬರೆದುಕೊಟ್ಟರು. ಅದು ನನಗೆ ನೋಯಲಿಲ್ಲ. ನೋವಾದದ್ದು, ನೋವಲ್ಲ, ಮೈಯೆಲ್ಲ ಮುಸುರೆ ಎರಚಿದಂತಾದದ್ದು, ಅನುದಾನ ಮುಗಿಯುವಾಗ ನಾಗಮಂಗಲದಲ್ಲಿ ನಡೆದ ಸಮಾರೋಪದ ಸುದ್ದಿ ಕೇಳಿ. ಮುಂದಕ್ಕೆ ಹೋಗಿದ್ದ ಸನ್ಮಾನವನ್ನು ಅಲ್ಲಿ ಮುಗಿಸಿದರು. "ಸಂಸ್ಥೆಯ ಜಾಗೃತಿ ಕಾರ್ಯಕ್ರಮದಿಂದ ಪ್ರೇರಣೆಗೊಂಡು ಹೆತ್ತ ತಾಯಿಗೆ ಪ್ರತ್ಯೇಕ ಕೋಣೆ ಬಿಟ್ಟುಕೊಟ್ಟ ಆದರ್ಶ ಪುತ್ರ" ಎಂದು ಹಿರಿಮಗನಿಗೆ ಹಾರ, ಫಲಕ. ಕೋಣೆಯ ಬಾಗಿಲಲ್ಲಿ ಅಜ್ಜಿ ನಿಂತ ಫೋಟೋ ದೊಡ್ಡ ಪರದೆಯ ಮೇಲೆ. ಆ ಫೋಟೋ ತೆಗೆದವಳು ನಾನು, ಆದೇಶ ಜಾರಿಯಾಯಿತೆಂದು ಅಧಿಕಾರಿಗೆ ತೋರಿಸಲು. ಒಂದು ಪ್ರತಿಯನ್ನು ನಮ್ಮ ಕಚೇರಿಯ ಕಡತಕ್ಕೂ ಹಾಕಿದ್ದೆ. ಅಜ್ಜಿಯನ್ನೂ ಕಾರಿನಲ್ಲಿ ಕರೆದುಕೊಂಡು ಹೋಗಿ ಶಾಲು ಹೊದಿಸಿದ್ದರು. ಛೀ, ಮನುಷ್ಯರಾ ಇವರು ಅಂತ ಆ ದಿನ ಒಬ್ಬಳೇ ಕೂತು ಬೈದೆ. ಎಷ್ಟು ಬೈದರೂ ಸಾಲಲಿಲ್ಲ.

ಸ್ವಲ್ಪ ಕಾಲವಾದ ಮೇಲೆ ಅಜ್ಜಿಯನ್ನು ನೋಡಲು ಹೋದೆ. ಡೈರಿಯ ಗೋಡೆಯ ಮೇಲೆ ನಂಬರು ಇನ್ನೂ ಇದೆ, ಸಿಮ್ಮು ಸತ್ತು ಯಾವ ಕಾಲವಾಯಿತೋ. ಹಿರಿಮಗನ ನಡುಮನೆಯಲ್ಲಿ ಫಲಕ ಹೊಳೆಯುವುದು ಬೀದಿಗೇ ಕಾಣುತ್ತಿತ್ತು. ಮುಂದಿನ ಕೋಣೆಯ ಬಾಗಿಲು ಒಳಗಿಂದ ಹಾಕಿತ್ತು. ತಟ್ಟಿದೆ. "ಯಾರದು?" ಎಂದು ಕೇಳಿ, ಹೆಸರು ಹೇಳಿದ ಮೇಲೆಯೇ ಅಗುಳಿ ತೆಗೆದರು.

ಒಲೆಯ ಮೇಲೆ ಹಿಟ್ಟು ಕುದಿಯುತ್ತಿತ್ತು. ಸನ್ಮಾನದ ಶಾಲು ಎಲ್ಲಿ ಎಂದು ಕೇಳಬೇಕೆಂದಿದ್ದೆ, ಕೇಳಬೇಕಾಗಿ ಬರಲಿಲ್ಲ. ಅಜ್ಜಿ ಅದರ ಒಂದು ತುಂಡನ್ನು ಎರಡು ಮಡಿಕೆ ಮಾಡಿ, ಪಾತ್ರೆಯ ಕಂಠ ಹಿಡಿದು ಕೆಳಗಿಳಿಸಿದರು. ಜರಿಯ ಅಂಚೆಲ್ಲ ಮಸಿ.

"ಒದ್ಕಂಡ್ರೆ ಕೆರೀತದೆ ಕಣವ್ವ ಇದು," ಅಂದರು ನನ್ನ ಕಣ್ಣು ಅಲ್ಲಿರುವುದನ್ನು ನೋಡಿ. "ಮಸಿಬಟ್ಟೆಗೆ ಗಟ್ಟಿಯಾಗದೆ. ಅರ್ಧ ಕಮ್ಮಾರ್ರ ಮನೇಗೂ ಕೊಟ್ಟೆ."

ಬಹಳ ದಿನಗಳ ಮೇಲೆ ನಾನು ನಕ್ಕೆ. ಅವರು ಮುದ್ದೆ ಕಟ್ಟುತ್ತಿದ್ದಾಗ ಸುಮ್ಮನೆ ಮಾತಿಗೆಂದು, "ಈಗ ಯಾವ ಮಾಸ ನಡೀತಿದೆ ಅಜ್ಜಿ?" ಅಂದೆ. ಯಾವ ಅಮಾವಾಸ್ಯೆ ಎಂದು ಬೀಳುತ್ತದೆಂದು ಬೆರಳ ತುದಿಯಲ್ಲಿ ಇಟ್ಟುಕೊಂಡಿದ್ದವರು ಅವರು. ಕೈ ನಿಲ್ಲಿಸಿ ಒಂದು ಗಳಿಗೆ ಯೋಚಿಸಿದರು.

"ಯಾರ್ಗವ್ವ ಗೊತ್ತು," ಅಂದು ಮುದ್ದೆಯನ್ನು ನನ್ನ ತಟ್ಟೆಗೆ ಹಾಕಿದರು. "ಬಿಸಿ ಅದೆ, ಉಣ್ಣು."